ಅಂಗೈ ತಾಳುವಷ್ಟು ಬಿಸಿ

ಕೊನೆಯ ಸ್ಕ್ರೂ ಜಗ್ಗಲಿಲ್ಲ. ಅನುಪಮಾ ತನ್ನ ಸ್ಪೀಕರ್ ಪೆಟ್ಟಿಗೆಯನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ, ಸ್ಕ್ರೂಡ್ರೈವರನ್ನು ಎರಡೂ ಕೈಯಿಂದ ತಿರುಗಿಸಿದಳು. ಕರ್ರೆಂದಿತು. ಹಿಂದಿನ ಹಲಗೆ ಕಳಚಿ ಅವಳ ತೊಡೆಯ ಮೇಲೆ ಬಿತ್ತು.

"ರೀ, ಬಿಡ್ರೀ ಅದನ್ನ! ಏನ್ ಮಾಡ್ತಿದೀರಾ?"

ಬಾಗಿಲಲ್ಲಿ ಕಿರಣ್‌ಕುಮಾರ್ ನಿಂತಿದ್ದ. ಎರಡೂ ಕೈಯಲ್ಲಿ ಟೀ ಲೋಟ. ಒಂದು ಅವಳಿಗೆಂದೇ ತಂದದ್ದು.

"ಅಲ್ಲೇ ನಿಲ್ಲಿ."

ನಿಂತ. ಅವಳು ಹೇಳಿದ್ದನ್ನು ಅವನು ಮಾಡದೆ ಬಿಟ್ಟದ್ದೇ ಇಲ್ಲ. ಇವತ್ತು ಅದೂ ಅವಳಿಗೆ ಸಿಟ್ಟು ತರಿಸಿತು.

ಒಳಗೆ ಎರಡು ಸ್ಪೀಕರ್‌ಗಳು ಬೆನ್ನು ತೋರಿಸಿಕೊಂಡು ಕೂತಿದ್ದವು. ಒಂದರಿಂದ ಹೊರಟ ಕೆಂಪು ವೈರು ಇನ್ನೊಂದರ ಬಾಯಿಗೆ ಸೇರಿ, ಅದರಿಂದ ಹೊರಟದ್ದು ಜ್ಯಾಕಿಗೆ ವಾಪಸಾಗಿತ್ತು.

"ಸೀರೀಸ್," ಎಂದಳು. "ಎಂಟೆಂಟು ಓಮಿನ ಎರಡು ಸ್ಪೀಕರ್. ಅಕ್ಕಪಕ್ಕ ಪ್ಯಾರಲಲ್ ಹಾಕಿದ್ರೆ ನಾಲ್ಕು ಓಮು. ನನ್ನ ಆಂಪ್ಲಿಫೈಯರ್ ಅದಕ್ಕೇ ಮಾಡಿರೋದು. ನೀವು ಒಂದರ ಹಿಂದೆ ಒಂದು ಹಾಕಿ ಹದಿನಾರು ಮಾಡಿ ಸದ್ದು ಕುಗ್ಗಿಸಿದೀರಾ. ಹೌದೋ ಅಲ್ವೋ?"

ಅಂಗಡಿಯ ಮುಂಭಾಗದಲ್ಲಿ ಪ್ಲೈವುಡ್ ಕೊಯ್ಯುತ್ತಿದ್ದ ಅಕ್ರಂ ಪಾಷಾ ಮೆಷಿನ್ ಆಫ್ ಮಾಡಿದರು. ಬಟವಾಡಿ ಬಡಾವಣೆಯ ಈ ಸ್ಪೀಕರ್ ಬಾಕ್ಸ್ ಅಂಗಡಿ ಅವರದು. ಮರದ ಕೆಲಸ ಅವರು ನೋಡುತ್ತಿದ್ದರು, ವೈರಿನ ಕೆಲಸ ಕಿರಣ್ ನೋಡುತ್ತಿದ್ದ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಜಗಳ?"

"ಇವರನ್ನೇ ಕೇಳಿ ಪಾಷಾ ಭಾಯ್. ಮೂರು ತಿಂಗಳಿಂದ ನನ್ನ ಬಾಯಿಗೆ ಬಟ್ಟೆ ತುರುಕಿದಾರೆ."

ಪಾಷಾ ಇಬ್ಬರ ಮುಖವನ್ನೂ ನೋಡಿದರು. "ಹಂಗಾದ್ರೆ ಇದು ನನ್ ಡಿಪಾರ್ಟ್‌ಮೆಂಟ್ ಅಲ್ಲ," ಎಂದು ಕಿರಣ್ ಕೈಯಿಂದ ಒಂದು ಟೀ ಕಿತ್ತುಕೊಂಡು ಹೋದರು. ಅದು ಅವಳದ್ದು.

ಗುಬ್ಬಿಯಲ್ಲಿ ಆದದ್ದು ಮೂವರಿಗೂ ಗೊತ್ತಿತ್ತು. ಅದು ಅವಳ ಸ್ವಂತ ಊರು, ಗೆಳತಿಯ ಆರತಕ್ಷತೆ. ಬೇಸ್ ಗಿಟಾರ್ ಹೆಗಲಿಗೇರಿಸಿ ಅವಳು ತನ್ನವರೆದುರು ನಿಂತದ್ದು ಅದೇ ಮೊದಲು. ಹಿಂದೆ ಕೂತವರಿಗೆ ಕೇಳಿಸುತ್ತಿಲ್ಲವೆಂದು ವಾದ್ಯಗೋಷ್ಠಿಯ ಮಾಲೀಕ ಲಕ್ಷ್ಮೀಕಾಂತ್ ಅವಳ ಪೆಟ್ಟಿಗೆಯ ಜೊತೆಗೆ ನಾಲ್ಕು ಓಮಿನ ಇನ್ನೊಂದು ಪೆಟ್ಟಿಗೆ ಸೇರಿಸಿದ್ದರು. ನಾಲ್ಕೂ ನಾಲ್ಕೂ ಎಂಟು, ಆಂಪ್‌ಗೆ ಆರಾಮು ಎಂಬುದು ಅವರ ಲೆಕ್ಕ. ಹಾಗೆ ಸೇರಿಸಿದರೆ ಎಂಟಾಗುವುದಿಲ್ಲ, ಎರಡಾಗುತ್ತದೆ. ತಡೆ ಅರ್ಧಕ್ಕಿಳಿದು, ತಾಳಲಾರದಷ್ಟು ಕರೆಂಟ್ ಎಳೆದು, ಹಾಡಿನ ನಡುವೆಯೇ ಆಂಪ್ ಹೊಗೆಯಾಡಿತು. ಹಾಡು ನಿಲ್ಲುವಂತಿರಲಿಲ್ಲ. ಅವಳು ಸದ್ದಿಲ್ಲದ ತಂತಿಗಳ ಮೇಲೆ ಕೊನೆಯವರೆಗೂ ಬೆರಳಾಡಿಸಿದಳು. ಮುಂದಿನ ಸಾಲಿನಲ್ಲಿ ಅವಳ ಸೋದರತ್ತೆ, "ನಮ್ ಹುಡ್ಗಿ ಸುಮ್ನೆ ಆ್ಯಕ್ಟಿಂಗ್ ಮಾಡ್ತವ್ಳೆ ಕಣೇ," ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

ಸುಟ್ಟ ಆಂಪನ್ನು ಕಿರಣ್ ರಿಪೇರಿ ಮಾಡಿಕೊಟ್ಟ. ಪೆಟ್ಟಿಗೆಯನ್ನೂ ಒಮ್ಮೆ ಚೆಕ್ ಮಾಡುತ್ತೇನೆಂದು ಇಟ್ಟುಕೊಂಡಿದ್ದ. ಅಂದಿನಿಂದ ಆಂಪ್ ಬಿಸಿಯಾಗಿದ್ದೇ ಇಲ್ಲ. ಬೇಸ್ ಕೇಳಿಸಿದ್ದೂ ಇಲ್ಲ. ಅವಳು ತನ್ನ ಬೆರಳುಗಳನ್ನೇ ಅನುಮಾನಿಸಿ, ಬೆರಳ ತುದಿ ಒಡೆಯುವವರೆಗೆ ಸಾಧನೆ ಮಾಡಿದಳು. ಮೊನ್ನೆ ಲಕ್ಷ್ಮೀಕಾಂತ್ ಕರೆದು ಹೇಳಿಬಿಟ್ಟಿದ್ದರು: "ಕೀಬೋರ್ಡಿನವನು ಎಡಗೈಲೇ ಬೇಸ್ ನುಡಿಸ್ತಾನಂತೆ. ನೀನು ಕೋರಸ್‌ಗೆ ನಿಂತ್ಕೋಮ್ಮ. ಕುಣಿಗಲ್ ಪ್ರೋಗ್ರಾಂ ನೋಡಿ ಡಿಸೈಡ್ ಮಾಡ್ತೀನಿ."

ಆ ಪ್ರೋಗ್ರಾಂ ಇವತ್ತು ಸಂಜೆಯೇ ಇತ್ತು.

ಸ್ವಲ್ಪ ಹೊತ್ತಿನ ಮುಂಚೆ, ಕಿರಣ್ ಟೀ ತರಲು ಹೋದಾಗ, ಅವಳು ಪೆಟ್ಟಿಗೆಯ ಮೇಲೆ ಒಂದು ಖಾಲಿ ಲೋಟವಿಟ್ಟು ದಪ್ಪ ತಂತಿ ಮೀಟಿದ್ದಳು. ಮೊದಲೆಲ್ಲ ಆ ಸ್ವರಕ್ಕೆ ಲೋಟ ತೆವಳಿಕೊಂಡು ಅಂಚಿಗೆ ಬರುತ್ತಿತ್ತು. ಇವತ್ತು ಅಲುಗಲಿಲ್ಲ. ಅವನೇ ಕಲಿಸಿದಂತೆ ಮೀಟರ್ ಹಚ್ಚಿದಳು. ಮೀಟರಿನಲ್ಲಿ ಓಮು ಯಾವಾಗಲೂ ಸ್ವಲ್ಪ ಕಡಿಮೆಯೇ ಕಾಣುವುದು. ನಾಲ್ಕಕ್ಕೆ ಮೂರರ ಹತ್ತಿರ ತೋರಿಸಬೇಕಾದದ್ದು ಹನ್ನೆರಡು ತೋರಿಸಿತು.

"ನೀವೇ ಹೇಳಿ ಪಾಷಾ ಭಾಯ್," ಕಿರಣ್ ಕೊನೆಗೆ ಬಾಯಿಬಿಟ್ಟ. "ಸೀರೀಸ್ ಇದ್ರೆ ಯಾರು ಪಕ್ಕದಲ್ಲಿ ಇನ್ನೊಂದು ಬಾಕ್ಸ್ ಸಿಕ್ಕಿಸಿದ್ರೂ ಬೇಗ ಸುಡಲ್ಲ."

"ಛತ್ರದ ಊಟದ ಹಾಲ್‌ಗೆ ಎರಡು ಬಾಗಿಲು ಅಕ್ಕಪಕ್ಕ ಇಟ್ರೆ ಜನ ಸಲೀಸಾಗಿ ನುಗ್ತಾರೆ," ಪಾಷಾ ಆಚೆಯಿಂದಲೇ ಕೂಗಿದರು. "ಒಂದರ ಹಿಂದೆ ಒಂದು ಇಟ್ರೆ ಬಾಗಿಲು ಭದ್ರ, ಸರಿ. ಊಟ ಮಾಡೋರೆಲ್ಲಿ?"

ಅನುಪಮಾ ನಗಬಾರದೆಂದು ತುಟಿ ಕಚ್ಚಿದಳು. ಕಿರಣ್ ಅದನ್ನು ನೋಡಿಬಿಟ್ಟ. ಅವನ ಕಣ್ಣು ಹಾಗೆಯೇ ಇತ್ತು, ಕದ್ದು ನೋಡಿ ಸಿಕ್ಕಿಬೀಳುವ ಕಣ್ಣು.

"ಗುಬ್ಬಿಲಿ ನಾನೂ ಇದ್ದೆ," ಎಂದ, ದನಿ ತಗ್ಗಿಸಿ. "ಕೊನೇ ಸಾಲಲ್ಲಿ. ನೀವು ಏನೂ ಆಗಿಲ್ಲದ ಥರ ನಗ್ತಾ ನುಡಿಸ್ತಿದ್ರಿ. ಸದ್ದೇ ಇರ್ಲಿಲ್ಲ. ಇನ್ನೊಂದ್ಸಲ ಅದನ್ನ ನೋಡೋಕೆ ಆಗಲ್ಲ ಅನ್ನಿಸ್ತು ರೀ. ಅಷ್ಟೇ."

"ನನ್ನನ್ನ ಕೇಳಿದ್ರಾ?"

"ಇಲ್ಲ."

"ಸುಟ್ಟಿದ್ದು ಒಂದು ದಿನದ ಮಾತು ಕಿರಣ್. ಕೇಳಿಸದೇ ಇದ್ದದ್ದು ದಿನಾ. ಯಾವುದು ಜಾಸ್ತಿ ಅಂತ ನೀವೊಬ್ರೇ ಹೆಂಗೆ ಡಿಸೈಡ್ ಮಾಡಿದ್ರಿ?"

ಅವನು ಉಳಿದಿದ್ದ ಟೀಯನ್ನು ಅವಳ ಮುಂದಿಟ್ಟು, ಸೋಲ್ಡರಿಂಗ್ ಐರನ್ ಪ್ಲಗ್ ಮಾಡಿದ. ಅವಳು ಮೊಬೈಲಿನ ಟಾರ್ಚ್ ಹಿಡಿದಳು. ಪೆಟ್ಟಿಗೆಯೊಳಗೆ ಇಬ್ಬರ ತಲೆ ತೂರುವಷ್ಟು ಜಾಗ ಇರಲಿಲ್ಲ, ಆದರೂ ತೂರಿದರು. ಅವನ ಕಿವಿಯ ಹಿಂದೆ ಮರದ ಹುಡಿ ಅಂಟಿತ್ತು. ಒರೆಸಬೇಕೆನಿಸಿತು. ಸಿಟ್ಟು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಒರೆಸಲಿಲ್ಲ.

"ಲೈಟು ಅಲ್ಲಾಡ್ತಿದೆ," ಎಂದ.

"ನೀವು ಉಸಿರಾಡೋದು ನಿಲ್ಸಿ, ಅಲ್ಲಾಡಲ್ಲ."

ಎರಡು ಸ್ಪೀಕರ್‌ಗಳ ಪ್ಲಸ್‌ಗಳು ಒಂದಾದವು, ಮೈನಸ್‌ಗಳು ಒಂದಾದವು. ಮೀಟರ್ ಮೂರು ಚಿಲ್ಲರೆ ತೋರಿಸಿತು. ಹಲಗೆ ಬಿಗಿದು, ಟೀ ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು ಅವಳು ದಪ್ಪ ತಂತಿ ಮೀಟಿದಳು. ಸ್ವರ ನೆಲದಿಂದ ಎದ್ದು ಅವರ ಮೊಣಕಾಲಿಗೆ ಬಂತು. ಟೀ ಲೋಟ ಪೆಟ್ಟಿಗೆಯ ಅಂಚಿಗೆ ಹೊರಟಿತು. ಬೀಳುವ ಮೊದಲು ಇಬ್ಬರೂ ಕೈ ಚಾಚಿದರು. ಹಿಡಿದದ್ದು ಯಾರೆಂದು ಸ್ವಲ್ಪ ಹೊತ್ತು ತೀರ್ಮಾನವಾಗಲಿಲ್ಲ.

"ಒಂದು ಮಾತು ನೆನಪಿಟ್ಕೊಳ್ಳಿ," ಅವನು ಲೋಟ ಬಿಟ್ಟುಕೊಟ್ಟು ಹೇಳಿದ. "ಆಂಪ್ ಹಿಂದೆ ಬಿಸಿ ಆಚೆ ಹಾಕೋ ಅಲ್ಯೂಮಿನಿಯಂ ರೆಕ್ಕೆ ಇದೆಯಲ್ಲ, ಅದರ ಮೇಲೆ ಅಂಗೈ ಇಡಿ. ಇಟ್ಟುಕೊಂಡೇ ಇರೋಕಾದ್ರೆ ಸರಿ ಇದೆ ಅಂತ. ಕೈ ತಾನಾಗೇ ಹಿಂದಕ್ಕೆ ಬಂದ್ರೆ, ಆಫ್ ಮಾಡಿ."

"ನೀವೂ ಬನ್ನಿ ಕುಣಿಗಲ್‌ಗೆ."

"ಯಾಕೆ? ರಿಪೇರಿಗಾ?"

"ಕೇಳೋಕೆ."

ಲಗೇಜ್ ಆಟೋದಲ್ಲಿ ಪೆಟ್ಟಿಗೆಗೆ ಹಗ್ಗ ಕಟ್ಟುವಾಗ ಪಾಷಾ ಹೊರಗೆ ಬಂದರು. "ಅವನ ಶರ್ಟ್ ಚೇಂಜ್ ಮಾಡ್ಸಮ್ಮಾ. ಮದುವೆ ಮನೆಗೆ ಹೋಗ್ತವ್ನೆ, ಗೋಡೌನಿಗಲ್ಲ."

ಕುಣಿಗಲ್‌ನ ಛತ್ರದಲ್ಲಿ ಪೆಟ್ಟಿಗೆ ಇಳಿಸುತ್ತಿದ್ದಂತೆ ಸೌಂಡಿನ ಜುಂಜಪ್ಪ ಇನ್ನೊಂದು ಪೆಟ್ಟಿಗೆ ತಳ್ಳಿಕೊಂಡು ಬಂದ. "ಇದನ್ನೂ ನಿಮ್ದಕ್ಕೆ ಸಿಕ್ಕಿಸ್ಬುಡ್ತೀನಿ ಕಣಮ್ಮಾ, ಜೋರಾಗ್ ಬರ್ತದೆ."

ಕಿರಣ್ ಮುಂದೆ ಹೆಜ್ಜೆಯಿಟ್ಟ. ಅನುಪಮಾ ಅವನೆದುರು ಕೈ ಅಡ್ಡ ಹಿಡಿದಳು.

"ಇದು ನಾಲ್ಕು ಓಮು, ಅದೂ ನಾಲ್ಕು. ಸೇರಿದ್ರೆ ಎರಡು. ಆಂಪ್ ಸುಡುತ್ತೆ ಅಣ್ಣಾ. ಬೇರೆ ಆಂಪಿಗೆ ಹಾಕ್ಕೊಳ್ಳಿ, ಇದನ್ನ ಮುಟ್ಬೇಡಿ."

ಜುಂಜಪ್ಪ ಅವಳ ಮುಖ ನೋಡಿದ, ಅವಳ ಹಿಂದೆ ನಿಂತವನ ಮುಖ ನೋಡಿದ. "ಆಯ್ತು ಬುಡವ್ವಾ," ಎಂದು ತಳ್ಳಿಕೊಂಡು ಹೋದ.

ಮೊದಲ ಹಾಡಿಗೇ ಗೊತ್ತಾಯಿತು. ಡ್ರಮ್ಮಿನ ಪ್ರತಿ ಏಟಿನ ಕೆಳಗೆ ಅವಳ ಸ್ವರ ನೆಲದಂತೆ ಬಂದು ನಿಂತಿತು. ಊಟದ ಹಾಲಿನ ಬಾಗಿಲಲ್ಲಿ ಜೋಡಿಸಿದ್ದ ಸ್ಟೀಲ್ ಲೋಟಗಳು ಸಣ್ಣಗೆ ಗಲಗಲ ಎಂದವು. ಮದುಮಗಳು ಯಾರದೋ ಕೈ ಕುಲುಕುತ್ತ ಕುಲುಕುತ್ತ ಸ್ಟೇಜಿನ ಕಡೆ ತಿರುಗಿ, ಗಿಟಾರ್ ಹಿಡಿದ ಹುಡುಗಿಯನ್ನು ನೋಡಿ ಹುಬ್ಬೇರಿಸಿದಳು. ಕಿರಣ್ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ, ಮುಂದಿನ ಕುರ್ಚಿಯ ಬೆನ್ನಿಗೆ ಅಂಗೈ ಒತ್ತಿ ಕೂತಿದ್ದ. ಅವನು ಕಿವಿಗಿಂತ ಕೈಯಿಂದಲೇ ಹೆಚ್ಚು ಕೇಳುವವನು. ಅದು ಅವಳಿಗೆ ಗೊತ್ತಿತ್ತು. ಜ್ಯಾಕ್ ಸಡಿಲವೆಂದು ಸುಳ್ಳು ಹೇಳಿ ಎಷ್ಟೋ ಸಲ ಬಟವಾಡಿಗೆ ಬಂದಿದ್ದು ಆ ಅಂಗೈ ನೋಡಲಿಕ್ಕೇ.

ಅರ್ಧ ಮುಗಿದು ಬಿಡುವಾದಾಗ ಲಕ್ಷ್ಮೀಕಾಂತ್ ಬಂದರು. "ಊಟದ ಹಾಲ್‌ವರೆಗೂ ಕೇಳಿಸ್ತು. ಆದ್ರೆ ಇನ್ಮೇಲೆ ಇರೋದೆಲ್ಲ ಫಾಸ್ಟ್ ನಂಬರ್ಸ್. ಅದನ್ನೂ ತಡ್ಕೊಂಡ್ರೆ ಗಿಟಾರ್ ನಿಂದೇ. ನಡುವೆ ಗುಬ್ಬಿ ಥರ ಆದ್ರೆ ಮಾತಿಲ್ಲ, ಕೋರಸ್." ಹೇಳಿ ಹೊರಟುಹೋದರು.

ಸ್ಟೇಜಿನ ಹಿಂದೆ, ಹೂವಿನ ಬುಟ್ಟಿಗಳ ನಡುವೆ, ಕಿರಣ್ ಆಂಪ್ ಮುಟ್ಟಿ ನೋಡಿದ. ಅವನ ಮುಖ ಬಿಗಿಯಿತು.

"ಬಿಸಿ ಆಗಿದೆ."

"ನುಡಿಸ್ತಿದೀನಲ್ಲ."

"ಟೂಲ್ಸ್ ತಂದಿದೀನಿ. ಬೇಗ ಮುಗಿಸ್ತೀನಿ. ಮತ್ತೆ ಸೀರೀಸ್ ಮಾಡ್ಕೊಡ್ತೀನಿ. ಮೊದಲರ್ಧ ಅವರು ಕೇಳಿ ಆಯ್ತಲ್ಲ. ಸ್ವಲ್ಪ ಕಮ್ಮಿ ಬರುತ್ತೆ, ಆದ್ರೆ ಏನೂ ಆಗಲ್ಲ. ನಿಮಗೇನೂ ಆಗಬಾರದು ರೀ."

ಅವನ ದನಿಯಲ್ಲಿ ಗುಬ್ಬಿಯ ಭಯ ಇತ್ತು. ಅನುಪಮಾ ಅವನ ಮಣಿಕಟ್ಟು ಹಿಡಿದು, ಅಂಗೈಯನ್ನು ಅಲ್ಯೂಮಿನಿಯಂ ರೆಕ್ಕೆಗಳ ಮೇಲಿಟ್ಟು, ಅದರ ಮೇಲೆ ತನ್ನದನ್ನು ಇಟ್ಟಳು. ಒಡೆದ ಬೆರಳ ತುದಿಗಳು ಅವನ ಬೆರಳ ಸಂದುಗಳಲ್ಲಿ ಕೂತವು. ಬಿಸಿ ನಿಧಾನವಾಗಿ ಅವನ ಕೈ ದಾಟಿ ಅವಳಿಗೆ ಬಂತು.

"ಕೈ ತೆಗೀಬೇಕು ಅನ್ನಿಸ್ತಿದೆಯಾ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದಕ್ಕೇ ಅವಳಿಗೆ ಅವನು ಇಷ್ಟ.

"ಇಲ್ಲ."

"ಮತ್ತೆ?"

"ಯಾವತ್ತೂ ತೆಗೀಬೇಕು ಅನ್ನಿಸಲ್ಲ," ಎಂದ. ಹೇಳಿದ ಮೇಲೆ ತಾನು ಆಂಪಿನ ವಿಷಯ ಮಾತ್ರ ಹೇಳಿಲ್ಲವೆಂದು ಗೊತ್ತಾಗಿ ಕಿವಿ ಕೆಂಪಾಯಿತು. "ಮೊದಲ್ನೇ ದಿನದಿಂದ್ಲೂ. ಹೇಳೋಕೆ ಧೈರ್ಯ ಇರ್ಲಿಲ್ಲ. ಅದಕ್ಕೇ ವೈರು ಬದಲಾಯಿಸ್ದೆ ಅನ್ಸುತ್ತೆ."

"ಗೊತ್ತು ಕಣೋ," ಎಂದಳು. ಬಹುವಚನ ಬಿದ್ದುಹೋದದ್ದು ಇಬ್ಬರಿಗೂ ಕೇಳಿಸಿತು. ಈಗ ಅವಳು ಅವನ ಕಿವಿಯ ಹಿಂದಿನ ಮರದ ಹುಡಿ ಒರೆಸಿದಳು. ಶರ್ಟ್ ಬದಲಾಯಿಸಿದ್ದರೂ ಅದು ಅಲ್ಲೇ ಇತ್ತು.

ಸ್ಟೇಜಿನ ಮೇಲೆ ಡ್ರಮ್ಮರ್ ಕಡ್ಡಿಗಳನ್ನು ತಾಕಿಸಿ ಕರೆದ. ಅವಳು ಗಿಟಾರ್ ಎತ್ತಿಕೊಂಡಳು. ಕಿರಣ್ ಇನ್ನೂ ಸ್ಕ್ರೂಡ್ರೈವರ್ ಹಿಡಿದೇ ನಿಂತಿದ್ದ.

"ಅನು, ಒಂದೇ ಒಂದ್ಸಲ ಕೇಳ್ತೀನಿ. ಈ ಸಲ ನಿನ್ನನ್ನ ಕೇಳಿನೇ ಮಾಡ್ತೀನಿ. ಸೀರೀಸ್ ಹಾಕ್ಲಾ?"

"ಬೇಡ."