ಬಿಳಿ ತಗಡಿನ ಮೇಲಿನ ಗೀರು

ಢಂ!

ನನ್ನ ಟ್ರಕ್ಕಿನ ಕನ್ನಡಿ ಚೂರುಚೂರಾಯಿತು.

ನಾನು ಎಂಜಿನ್ನಿನ ಮರೆಗೆ ಬಿದ್ದೆ. ಬಾಯಿತುಂಬ ಮಣ್ಣು. ನೆತ್ತಿಯ ಮೇಲೆ ನೆವಾಡಾದ ಮಧ್ಯಾಹ್ನದ ಬಿಸಿಲು.

“ಮನೆಗೆ ಹೋಗೇ, ಮೈತೆ!” ಕಲ್ಲಿನ ಕ್ವಾರಿಯ ಆ ಬದಿಯಿಂದ ಡೆಲ್ ಕೂಗಿದ. “ಆ ಫೈಲು ಸುಟ್ಟುಹಾಕು!”

ಡೆಲ್ ಪ್ರೂಡಮ್. ರಿಟೈರ್ಡ್ ಸಾರ್ಜೆಂಟ್. ಪೊಲೀಸ್ ಕೆಲಸಕ್ಕೆ ಸೇರಿದಾಗ ನನಗೆ ಗನ್ ಹಿಡಿಯಲು ಕಲಿಸಿದವನು. ಈಗಲೂ ಇದೇ ಕ್ವಾರಿಯಲ್ಲಿ ಶೂಟಿಂಗ್ ಕಲಿಸುತ್ತಾನೆ.

ನಾನು ಆ ಕೆಲಸ ಬಿಟ್ಟೆ. ಈಗ ಲಾಯರುಗಳ ಪರವಾಗಿ ಪತ್ತೇದಾರಿ. ಈ ಸಲದ ಕಕ್ಷಿದಾರ ಲಾನಿ ಬೆಕ್. ಆರು ವರ್ಷದಿಂದ ಜೈಲಿನಲ್ಲಿದ್ದಾನೆ... ನನ್ನ ಜೊತೆಗಾರ ಕರ್ಟಿಸ್ ಆಲ್ಡಾಪೆಯನ್ನು ಕೊಂದನೆಂದು.

ಅಂದು ಲಾನಿಯ ಮನೆಗೆ ನುಗ್ಗಿದವರು ಮೂವರು. ಕರ್ಟಿಸ್, ಡೆಲ್, ನಾನು. ಲಾನಿ ಮೊದಲು ಗುಂಡು ಹಾರಿಸಿದ. ನಾವೂ ಹಾರಿಸಿದೆವು. ಸದ್ದು ನಿಂತಾಗ ಕರ್ಟಿಸ್ ನೆಲದ ಮೇಲಿದ್ದ. ಅವನ ಕುತ್ತಿಗೆ ಹೊಕ್ಕ ಗುಂಡು ಪುಡಿಯಾಗಿತ್ತು. ಯಾರ ಗನ್ನಿನದೆಂದು ಹೇಳುವಂತಿರಲಿಲ್ಲ.

“ನಾನು ಸೂರಿಗೆ ಹೊಡೆದೆ” ಎಂದ ಲಾನಿ. ಯಾರೂ ನಂಬಲಿಲ್ಲ. ನಾನೂ.

ಹೋದ ವಾರ ಆ ಕೇಸಿನ ಫೈಲಿನಲ್ಲಿ ಒಂದು ಫೋಟೊ ಸಿಕ್ಕಿತು. ಯಾವುದೋ ಅಂಚನ್ನು ಗುಂಡು ಉತ್ತುಕೊಂಡು ಹೋದ ಗೀರು. ಕೆಳಗೆ ಡೆಲ್‌ನ ಅಕ್ಷರ: ‘ಅಡುಗೆ ಕಟ್ಟೆ’. ಆ ಕಟ್ಟೆಯ ಹಿಂದೆ ನಿಂತಿದ್ದವನು ಡೆಲ್! ಅದನ್ನು ಕೇಳಲೆಂದೇ ಇವತ್ತು ಕ್ವಾರಿಗೆ ಬಂದಿದ್ದೆ.

ಅಂದು ನಾವು ಹಿಡಿದಿದ್ದ ಕಾರ್ಬೈನ್ ಎಂಬ ಗಿಡ್ಡ ಬಂದೂಕಿನ ಕುತಂತ್ರ ನಿಮಗೆ ಗೊತ್ತಿರಲಿ. ಗುರಿಯ ಕೆಂಪು ಚುಕ್ಕಿ ನಳಿಗೆಗಿಂತ ಮೂರು ಬೆರಳು ಮೇಲಿರುತ್ತದೆ. ಮರೆಯಿಂದ ಇಣುಕಿದರೆ ಕಣ್ಣಿಗೆ ದಾರಿ ತೆರವು. ನಳಿಗೆಯ ಮುಂದೆ ಮಾತ್ರ ಆ ಮರೆಯ ಅಂಚು. ಟ್ರಿಗರ್ ಒತ್ತಿದರೆ ಗುಂಡು ಅಂಚಿಗೆ ಬಡಿದು ಎತ್ತಲೋ ಹಾರುತ್ತದೆ... ಕರ್ಟಿಸ್‌ನ ಕತ್ತಿನತ್ತ.

ಢಂ! ಹೆಡ್‌ಲೈಟ್ ಹೋಯಿತು.

ನನ್ನ ಕಾರ್ಬೈನ್ ಎತ್ತಿದೆ. ಬಾನೆಟ್ಟಿನ ಮೇಲಿಂದ ಇಣುಕಿದೆ. ಕೆಂಪು ಚುಕ್ಕಿ ಡೆಲ್‌ನ ಹೆಗಲ ಮೇಲೆ ಕೂತಿತು. ಒತ್ತಿದೆ.

ಕರ್ರ್! ನನ್ನದೇ ಬಿಳಿ ಬಾನೆಟ್ಟನ್ನು ಸೀಳಿ ಗುಂಡು ಆಕಾಶಕ್ಕೆ ಹೋಯಿತು.

“ಥೂ!” ಡೆಲ್ ಕಿರುಚಿದ. “ಮತ್ತೆ ಅದೇ ತಪ್ಪು ಮಾಡ್ದೆಯಲ್ಲೇ!”

ಮತ್ತೆ?

ಜೇಬಿನಿಂದ ಫೋಟೊ ತೆಗೆದು ಬಾನೆಟ್ಟಿನ ಪಕ್ಕ ಹಿಡಿದೆ. ಅದೇ ಗೀರು. ಅದೇ ಬಿಳಿ ತಗಡು.

ಲಾನಿಯ ಅಡುಗೆ ಕಟ್ಟೆ ಮರದ್ದು. ಆ ಕೋಣೆಯಲ್ಲಿ ಬಿಳಿ ತಗಡು ಎಂದರೆ ವಾಷಿಂಗ್ ಮೆಷಿನ್ ಒಂದೇ.

ಅದರ ಹಿಂದೆ ಅವಿತಿದ್ದವಳು ನಾನು.

“ಸಾರ್ಜೆಂಟ್... ಆ ಗುಂಡು ನಂದಾ?”

ಡೆಲ್ ಗನ್ ಇಳಿಬಿಟ್ಟುಕೊಂಡು ಬಯಲಿಗೆ ಬಂದ. “ಹೆದರಿಸಿ ಕಳಿಸೋಣ ಅಂದ್ಕೊಂಡೆ. ಹೊಡೀಲೇಬೇಕು ಅಂದಿದ್ರೆ ಮೊದಲನೇದ್ರಲ್ಲೇ...”

“ನಂದಾ ಅಂತ ಕೇಳ್ದೆ!”

“ಹೂಂ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ನಿಂಗೆ. ಕಾಪಾಡ್ದೆ ಕಣೇ.”

“ನನ್ನನ್ನಲ್ಲ. ಕಲಿಸಿದೋರು ನೀವು. ನಿಮ್ಮ ಹೆಸರು ಕಾಪಾಡ್ಕೊಂಡ್ರಿ.”

ಅವನು ಗನ್ನಿನಿಂದ ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಪ್ರತಿವರ್ಷ ಕರ್ಟಿಸ್‌ನ ಹುಟ್ಟುಹಬ್ಬಕ್ಕೆ ಅವನ ಹೆಂಡತಿ ಅಮಾಯಾ ಕುರಿಮಾಂಸದ ಸಾರು ಮಾಡಿ ನನ್ನನ್ನು ಕರೆಯುತ್ತಿದ್ದಳು. “ನಿನ್ನ ಕೈಲಾದ್ದು ನೀನು ಮಾಡ್ದೆ” ಎನ್ನುತ್ತ ಬಡಿಸುತ್ತಿದ್ದಳು. ಆರು ವರ್ಷ ಉಂಡಿದ್ದೆ!

ಆ ಸಂಜೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಬೈಯಲಿಲ್ಲ. ಎದ್ದು ಬಾಗಿಲು ತೆರೆದು ಹಿಡಿದಳು... ನಾನು ಹೊರಗೆ ಹೋಗುವವರೆಗೂ.

ಮಾರನೆಯ ದಿನ ಹೇಳಿಕೆ ಬರೆದುಕೊಟ್ಟೆ. ಡೆಲ್ ಕೂಡ ಒಪ್ಪಿಕೊಂಡ. ಗುಂಡು ಹಾರಿಸಿದ ತಪ್ಪಿಗೆ ಲಾನಿ ಅನುಭವಿಸಿದ್ದು ಸಾಕು ಎಂದಿತು ಕೋರ್ಟು. ನನ್ನ ವಿಚಾರಣೆ ಇನ್ನೂ ಬಾಕಿ.

ಈಗ ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಕರ್ಟಿಸ್ ತಿರುಗಿ ನೋಡುತ್ತಾನೆ... ಗುಂಡು ಯಾವ ಕಡೆಯಿಂದ ಬಂತೆಂದು.

ಲಾನಿ ಬಿಡುಗಡೆಯಾದ ದಿನ ಜೈಲಿನ ಗೇಟಿನ ಹತ್ತಿರ ನಿಂತಿದ್ದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಥ್ಯಾಂಕ್ಸ್ ಹೇಳ್ಬೇಕಾ, ಒದೀಬೇಕಾ... ಗೊತ್ತಾಗ್ತಿಲ್ಲ.”

“ಒದೆಯೋದಾದ್ರೆ ಸಾಲಲ್ಲಿ ನಿಂತ್ಕೋ ಲಾನಿ,” ಎಂದೆ. “ನಿನಗಿಂತ ಮುಂದೆ ಅಮಾಯಾ ಇದ್ದಾಳೆ.”