ಮುಹೂರ್ತ ಹತ್ತಿರ ತಂದವಳು

"ತಗೋರಿ ನಿಮ್ಮ ಸೀರಿ!"

ಬೈಲಹೊಂಗಲದ ಬಸ್ ಸ್ಟ್ಯಾಂಡು. ಮಂದಿ ನೋಡುತ್ತಿದ್ದಾರೆ ಎಂಬ ಖಬರೂ ಇಲ್ಲದೆ ನೇಸರಗಿಯ ಶಿವಾನಿ ನಿಶ್ಚಯದ ಸೀರೆಯನ್ನು ಕಲ್ಮೇಶನ ಕೈಗೆ ತುರುಕಿದಳು. ಅವನು ಹೈಸ್ಕೂಲ್ ಮಾಸ್ತರ, ಅವಳಿಗೆ ನಿಶ್ಚಯವಾದ ವರ. 'ಮದವಿ ಸ್ವಲ್ಪ ಮುಂದ ಹಾಕೋಣ' ಎಂದು ಅವಳ ಅಪ್ಪನಿಗೆ ಹೇಳಿಕಳಿಸಿದ್ದ. ಸಿಟ್ಟು ಬರದೆ ಇರುತ್ತದೆಯೇ?

"ಬ್ಯಾರೆ ಯಾರರ ಇದ್ರ ಬಾಯಿಬಿಟ್ಟ ಹೇಳ್ರಿ!"

ಅವನು ಜಗಳಾಡಲಿಲ್ಲ.

"ಚಲೋ ಆತ ಬಿಡು. ಇನ್ನ ನನ್ನಿಂದ ನಿನಗ ತ್ರಾಸಿಲ್ಲ... ಯಾರಿಗೂ ಇಲ್ಲ."

ಯಾರಿಗೂ ಇಲ್ಲ...? ಶಿವಾನಿಯ ಸಿಟ್ಟು ಅಲ್ಲೇ ಇಳಿಯಿತು.

ಹೋದ ತಿಂಗಳು ಫೋನಿನಲ್ಲಿ ಅಂದಿದ್ದ, "ಮುಂಜಾನೆ ಏಳೂದ ಬ್ಯಾಡ ಅನಸ್ತೇತಿ, ಶಿವಾನಿ." ಅವಳು ನಕ್ಕುಬಿಟ್ಟಿದ್ದಳು! ಸೋದರತ್ತೆ ಸೋಮವ್ವನಿಗೆ ಹೇಳಿದರೆ, "ಮೈಗೆ ಅರಿಶಿಣ ಬಿದ್ರ ಎಲ್ಲಾ ನೆಟ್ಟಗಾಗ್ತೇತಿ" ಎಂದು ಆಕೆ ಮುಹೂರ್ತವನ್ನೇ ಹತ್ತಿರ ತರಿಸಿದ್ದಳು. ಕುಣಿದು ಒಪ್ಪಿದವಳು ಶಿವಾನಿಯೇ. ಅಯ್ಯೋ, ಎಂಥ ದಡ್ಡಿ!

"ಖರೇ ಹೇಳ್ರಿ. ಸಾಯಬೇಕು ಅನಸಾಕತ್ತೇತೇನ್ರಿ?"

ಅವನು ತಲೆ ತಗ್ಗಿಸಿದ. "ಹೂಂ" ಅಂದ.

ನಾನೇ ದೂಡಿದೆನಲ್ಲ ಇವನನ್ನು...! ಅವಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿದಳು.

"ಬ್ಯಾಡ. ಮಂದಿ ಹುಚ್ಚ ಮಾಸ್ತರ ಅಂತಾರ."

"ಅನ್ಲಿ ಬಿಡ್ರಿ! ನನಗ ನೀವ್ ಇದ್ರ ಸಾಕು."

ಆ ಕಡೆಯ ಹೆಣ್ಣುಮಗಳು ಅವನೊಡನೆ ಸಾವಕಾಶವಾಗಿ ಮಾತಾಡಿದಳು. ಒಬ್ಬನೇ ಬಿಡಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಶಿವಾನಿಗೂ ಹೇಳಿದಳು. ಅವನ ಅವ್ವನನ್ನು ಕರೆಸಿಕೊಂಡು ಮೂವರೂ ಧಾರವಾಡದ ಮಾನಸಿಕ ಆಸ್ಪತ್ರೆಗೆ ಬಸ್ ಹತ್ತಿದರು.

"ಇದು ಬ್ಯಾನಿ, ಆರಾಮ ಆಗ್ತದ. ಯಾರ ತಪ್ಪೂ ಅಲ್ಲ" ಅಂದರು ಡಾಕ್ಟರು.

ಗುಳಿಗೆ ಶುರುವಾಯಿತು. ಅವನು ಮತ್ತೆ ಶಾಲೆಗೆ ಹೋಗತೊಡಗಿದ. ಮುಹೂರ್ತದ ಮಾತು ಯಾರೂ ಎತ್ತಲಿಲ್ಲ. ಡಾಕ್ಟರು ಏನೇ ಅನ್ನಲಿ, ತಾನು ನಕ್ಕ ಆ ನಗೆಗೆ ಶಿವಾನಿ ದಿನವೂ ನಾಚಿ ಸಾಯುತ್ತಿದ್ದಳು.

ಒಂದು ಮಧ್ಯಾಹ್ನ ಅವನ ಫೋನು.

"ಶಿವಾನಿ... ಇವತ್ತ ಮತ್ತ ಹಂಗ ಅನಸಾಕತ್ತೇತಿ."

ಶಿವಾನಿ ಧಡಕ್ಕನೆ ಎದ್ದಳು. ಚಪ್ಪಲಿ ಹುಡುಕುತ್ತಲೇ ಕೇಳಿದಳು, "ಎಲ್ಲಿ ಅದೀರಿ?"

"ಮನ್ಯಾಗ. ಅವ್ವ ಬಾಜೂಕ ಕುಂತಾಳ. ಡಾಕ್ಟರಿಗೂ ಫೋನ್ ಮಾಡೇನಿ, ಬರ್ರಿ ಅಂದಾರ."

ಅವಳಿಗೆ ಅಳು ಒತ್ತರಿಸಿ ಬಂತು. ಈ ಸಲ ಮುಚ್ಚಿಡದೆ ತಾನಾಗಿ ಹೇಳಿದನಲ್ಲ...!

"ನಾ ಅವತ್ತ ನಕ್ಕಿದ್ದೆ. ಆದ್ರೂ ನನಗ ಹೇಳಿದ್ರಿ?"

"ನಿನ್ನ ಬಿಟ್ಟ ಮತ್ತ ಯಾರಿಗೆ ಹೇಳ್ಲಿ?"

"ಬಸ್ ಹತ್ತಾಕ ಹೊಂಟೇನ್ರಿ. ಫೋನ್ ಇಡಬ್ಯಾಡ್ರಿ."

"ಇಡೂದಿಲ್ಲ. ಬಾ."