ಮೇಡಂ ಕೊಟ್ಟ ಸಲಹೆ

“ಅಲ್ಲಿಡಬೇಡ ಅಕ್ಕ. ಅದು ಕಸದ ಡಬ್ಬಿ.”

ಅಕ್ಕ ಕಾರ್ಡ್ ಹಿಡಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಬಸ್ಸಿನ ಬಾಗಿಲಲ್ಲಿ ಅವರಿಬ್ಬರ ಬೆನ್ನಿಗೆ ದೊಡ್ಡ ಸಾಲೇ ನಿಂತಿತ್ತು. ಸಾಲಿನಲ್ಲಿ ಯಾರೋ ಬೇಕೆಂದೇ ಜೋರಾಗಿ ಉಸಿರು ಬಿಟ್ಟರು.

“ಈ ಕಡೆ. ಕಪ್ಪು ಮಷೀನಿಗೆ ತೋರಿಸು. ಹಾಂ, ಹಸಿರು ದೀಪ ಬಂತು. ಇನ್ನು ನಡಿ.”

ನಡೆಯುವ ಮೊದಲು ಅಕ್ಕ ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. ಅವನು ತಿರುಗಿ ನೋಡಿದ್ದಕ್ಕೆ ಮತ್ತೂ ಒಂದು ಹೇಳಿದಳು.

ಜೊತೆಗಿದ್ದ ಹುಡುಗಿಗೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನ್ನುವಂತಾಯಿತು. ಹಿಂದಿನ ಸೀಟಿಗೆ ಹೋಗಿ ಕೂತು, ಇವಳು ಯಾರೋ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಕಿಟಕಿಯಾಚೆ ನೋಡತೊಡಗಿದಳು.

ಹುಡುಗಿಯ ವಯಸ್ಸು ಹತ್ತು. ಆದರೆ ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೇಡಂ ಎಂದು. ಅಪ್ಪ ಮಾತಿನಲ್ಲಿ ತಪ್ಪಿದರೆ ತಿದ್ದುವವಳು ಅವಳು. ಅಮ್ಮ ಅಂಗಡಿಯಲ್ಲಿ ತಡವರಿಸಿದರೆ ಮುಂದೆ ನುಗ್ಗಿ ಉತ್ತರ ಕೊಡುವವಳೂ ಅವಳೇ. ಹುಟ್ಟಿದ್ದು, ಬೆಳೆದದ್ದು ಈ ದೇಶದಲ್ಲೇ. ಇಲ್ಲಿಯ ಭಾಷೆ ಅವಳಿಗೆ ನೀರು ಕುಡಿದಷ್ಟು ಸಲೀಸು.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಇಲ್ಲಿಯ ಯೂನಿವರ್ಸಿಟಿಯಲ್ಲಿ ಗಿಡಗಳಿಗೆ ಬರುವ ರೋಗಗಳ ಬಗ್ಗೆ ಓದಲು ಊರಿನಿಂದ ಬಂದಿದ್ದಳು. ಹಾಸ್ಟೆಲಿನಲ್ಲಿ ರೂಮು ಖಾಲಿಯಾಗುವವರೆಗೆ ಇವರ ಫ್ಲಾಟಿನಲ್ಲೇ ಇರಬೇಕು. ಅದರಲ್ಲೂ ಮೇಡಂ ರೂಮಿನಲ್ಲಿ, ಮೇಡಂ ಮಂಚದ ಪಕ್ಕದಲ್ಲಿ ಹಾಸಿಗೆ ಹಾಸಿಕೊಂಡು.

ಓದಿನಲ್ಲಿ ಊರಿಗೇ ಫಸ್ಟ್ ಎಂದು ಅಮ್ಮ ವರ್ಷಗಟ್ಟಲೆ ಕಿವಿ ತೂತಾಗುವಷ್ಟು ಹೊಗಳಿದ್ದ ಅಕ್ಕ ಇವಳೇನಾ? ತಳ್ಳಬೇಕಾದ ಬಾಗಿಲನ್ನು ಎಳೆಯುತ್ತಾಳೆ. ರಸ್ತೆ ದಾಟುವ ದೀಪ ಹಸಿರಾದರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾ ನಿಲ್ಲುತ್ತಾಳೆ. ಅಷ್ಟರಲ್ಲಿ ಅದು ಮತ್ತೆ ಕೆಂಪಾಗಿರುತ್ತದೆ. ಊರಿಗೇ ಫಸ್ಟ್ ಅಂತೆ. ಎಂಥಾ ಊರೋ ಏನೋ, ಎಂದು ಮೇಡಂ ಮೂಗು ಮುರಿದಳು.

ಸಂಜೆಯಾದರೆ ಸಲಹೆಗಳ ಸರದಿ.

ಮೇಲಿನ ಮಹಡಿಯ ಅಂಕಲ್ ಟೀ ಹೊತ್ತಿಗೆ ತಪ್ಪದೆ ಇಳಿದು ಬರುತ್ತಿದ್ದರು. ಅವರದು ಕನ್ನಡಕದ ಅಂಗಡಿ. ಅವರ ಬಾಯಲ್ಲಿ ಕೇಳಿದರೆ, ಅವರು ವಿಮಾನ ಇಳಿದ ದಿನವೇ ಇಡೀ ನಗರಕ್ಕೆ ದಾರಿ ತೋರಿಸುತ್ತಾ ನಡೆದವರು.

“ನೋಡಮ್ಮಾ, ಇಲ್ಲಿ ಯಾರನ್ನೂ ನಂಬೋಕೆ ಹೋಗಬೇಡ,” ಎಂದರು ಅಂಕಲ್, ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ. “ಹಾಗಂತ ಒಬ್ಬಳೇ ಮೂಲೇಲಿ ಕೂತ್ಕೋಬೇಡ. ಎಲ್ಲರ ಜೊತೆ ಬೆರೀಬೇಕು.”

“ಹೂಂ ಅಂಕಲ್.”

“ನಮ್ಮೋರ ಜೊತೇನೇ ಸೇರ್ಕೊಂಡು ಕೂತ್ರೆ ಭಾಷೆ ಬರಲ್ಲ. ಅದೊಂದು ತಪ್ಪು ಮಾಡಬೇಡ.”

ಹೀಗೆಂದ ಅಂಕಲ್ ಮೇಡಂ ಹುಟ್ಟುವ ಮೊದಲಿನಿಂದಲೂ ಪ್ರತಿ ಸಂಜೆ ಕೂರುತ್ತಿದ್ದದ್ದು ಇದೇ ಸೋಫಾದ ಮೇಲೆ.

ಅಪ್ಪನಿಗೂ ಉತ್ಸಾಹ ಬಂತು. ಅಪ್ಪ ಲಿಫ್ಟ್ ರಿಪೇರಿ ಮಾಡುವವರು. “ಅರ್ಥ ಆಗದಿದ್ರೆ ಪ್ರೊಫೆಸರನ್ನ ಧೈರ್ಯವಾಗಿ ಕೇಳು. ಇಲ್ಲಿ ಯಾರೂ ತಪ್ಪು ತಿಳ್ಕೊಳ್ಳಲ್ಲ,” ಎಂದರು. ಹೋದ ವಾರ ಸೂಪರ್‌ವೈಸರ್ ಹೇಳಿದ್ದು ಅರ್ಥವಾಗದೆ, ಕೇಳಲು ನಾಚಿಕೆಯಾಗಿ, ಸರಿಯಾಗಿದ್ದ ಲಿಫ್ಟನ್ನು ಬಿಚ್ಚಿ ಹರಡಿಕೊಂಡು ಕೂತಿದ್ದವರು ಇದೇ ಅಪ್ಪ.

“ಹೂಂ ಚಿಕ್ಕಪ್ಪ,” ಎಂದಳು ಅಕ್ಕ.

ಯೂನಿವರ್ಸಿಟಿಯವರು ಬೇರೆ ಒಂದು ದಿನವಿಡೀ ಕೂರಿಸಿಕೊಂಡು, ಇದನ್ನು ನಿಮ್ಮ ಮನೆ ಎಂದುಕೊಳ್ಳಿ ಎಂದು ಹೇಳಿ, ಟೀ ಶರ್ಟ್ ಕೊಟ್ಟು ಕಳಿಸಿದ್ದರು. ಆ ಟೀ ಶರ್ಟಿನೊಳಗೆ ಅಕ್ಕನಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು. ಅದಕ್ಕೂ ಅಕ್ಕ ಹೂಂ ಅಂದು ಬಂದಿರಬೇಕು.

ಆದರೆ ಒಂದು ಲಾಭವಾಯಿತು. ಅಕ್ಕ ಬಂದಾಗಿನಿಂದ ಸ್ಕೂಲಿನಲ್ಲಿ ಮೇಡಂ ಹೀರೋ ಆಗಿಬಿಟ್ಟಳು.

ಊಟದ ಬೆಲ್ ಹೊಡೆದ ಕೂಡಲೇ ಗೆಳತಿಯರು ಅವಳ ಸುತ್ತ ನೆರೆಯುತ್ತಿದ್ದರು. ಗುಂಗುರು ಕೂದಲಿನ ಗೆಳತಿಯಂತೂ ತಿನ್ನುವುದನ್ನೂ ಬಿಟ್ಟು, “ಇವತ್ತು ನಿಮ್ಮಕ್ಕ ಏನ್ ಮಾಡಿದ್ಲು?” ಎಂದು ಕೇಳುತ್ತಿದ್ದಳು. ಮೇಡಂ ಎದ್ದು ನಿಂತು, ಬಾಗಿಲು ಎಳೆಯುವ ಅಕ್ಕನಾಗುತ್ತಿದ್ದಳು. ಪ್ರತಿ ಪದದ ಕೊನೆಗೂ ಒಂದು ಉಕಾರ ಅಂಟಿಸಿ, “ಥ್ಯಾಂಕ್ಸು ಡ್ರೈವರು, ಥ್ಯಾಂಕ್ಸು ಬಸ್ಸು,” ಎನ್ನುತ್ತಿದ್ದಳು. ಇಡೀ ಬೆಂಚು ಬಿದ್ದು ಬಿದ್ದು ನಗುತ್ತಿತ್ತು.

ಕಷ್ಟವೇನೆಂದರೆ, ದಿನಾ ಹೊಸದು ಬೇಕಿತ್ತು. ಅಕ್ಕನೋ ಒಂದೊಂದಾಗಿ ಕಲಿಯುತ್ತಾ ಬಂದಳು. ಬಸ್ಸು ಹತ್ತಲು ಬಂತು, ಬಾಗಿಲು ತಳ್ಳಲು ಬಂತು. ಮೇಡಂ ಕತೆಗಳ ಚೀಲ ಖಾಲಿಯಾಗುತ್ತಾ ಬಂತು.

ಆಗಲೇ ಅಕ್ಕ ತಾನಾಗಿ ಕೇಳಿದಳು. ಮೊದಲ ಕ್ಲಾಸಿನ ಹಿಂದಿನ ಸಂಜೆ. ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು.

“ಮೇಡಂ, ಒಂದು ಕೇಳ್ಲಾ? ಪ್ರೊಫೆಸರ್ ಪ್ರಶ್ನೆ ಕೇಳಿದ್ರೆ ಎದ್ದು ನಿಂತು ಉತ್ತರ ಹೇಳಬೇಕಾ, ಕೂತೇ ಹೇಳೋದಾ? ಇದನ್ನ ಯಾರೂ ಹೇಳಿಲ್ಲ.”

ಕೂತೇ ಹೇಳುತ್ತಾರೆಂದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅವಳ ಸ್ಕೂಲಿನಲ್ಲೇ ಯಾರೂ ಏಳುವುದಿಲ್ಲ. ಅಷ್ಟರಲ್ಲಿ ಅವಳ ಕಣ್ಣ ಮುಂದೆ ಒಂದು ಚಿತ್ರ ಬಂತು. ದೊಡ್ಡ ಕ್ಲಾಸು, ಎಲ್ಲರೂ ಕೂತಿದ್ದಾರೆ, ನಡುವೆ ಅಕ್ಕ ಒಬ್ಬಳೇ ಕಂಬದ ಹಾಗೆ ನಿಂತಿದ್ದಾಳೆ. ಅದನ್ನು ಕೇಳಿ ಸ್ಕೂಲಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಗುವುದೂ ಕಂಡಿತು.

“ಎದ್ದು ನಿಲ್ಲಬೇಕು,” ಎಂದಳು ಮೇಡಂ. “ನಿಲ್ಲದಿದ್ರೆ ಬೇಜಾರು ಮಾಡ್ಕೋತಾರೆ.”

“ಸದ್ಯ, ಕೇಳಿದ್ದು ಒಳ್ಳೇದಾಯ್ತು,” ಎಂದಳು ಅಕ್ಕ.

ಮರುದಿನ ಸ್ಕೂಲಿನಿಂದ ಬಂದಾಗ ಅಕ್ಕ ಆಗಲೇ ಮನೆಯಲ್ಲಿದ್ದಳು. ಶೂ ಕೂಡ ಬಿಚ್ಚದೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

“ಹೇಗಿತ್ತು ಕ್ಲಾಸು?” ಎಂದು ಕೇಳುವಾಗ ಮೇಡಂಗೆ ತುಟಿ ಬಿಗಿಹಿಡಿಯಬೇಕಾಯಿತು.

“ಎಲೆ ಮೇಲಿನ ಚುಕ್ಕೆ ತೋರಿಸಿ, ಯಾವ ರೋಗ ಅಂತ ಕೇಳಿದ್ರು. ನಂಗೆ ಗೊತ್ತಿತ್ತು. ಎದ್ದು ನಿಂತೆ.” ಅಕ್ಕ ಬಗ್ಗಿ ಒಂದು ಶೂ ಬಿಚ್ಚತೊಡಗಿದಳು. “ಎಲ್ಲರೂ ತಿರುಗಿ ನೋಡಿದ್ರು. ಪ್ರೊಫೆಸರು ಪಾಪ ಒಳ್ಳೆಯವರು. ಟಾಯ್ಲೆಟ್ಟಿಗಾ, ಹೋಗಿ ಬಾ, ಇಲ್ಲಿ ಪರ್ಮಿಷನ್ ಕೇಳಬೇಕಾಗಿಲ್ಲ ಅಂದ್ರು.”

“ಆಮೇಲೆ?”

“ಅಲ್ಲ ಅನ್ನೋಕೆ ಬಾಯೇ ಬರಲಿಲ್ಲ. ಹೂಂ ಅಂದು ಹೊರಗೆ ಹೋದೆ. ಮತ್ತೆ ಒಳಗೆ ಹೋಗೋಕೆ ಕಾಲು ಬರಲಿಲ್ಲ. ಕ್ಲಾಸ್ ಮುಗಿಯೋವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ.”

ಇದಕ್ಕಿಂತ ಚೆಂದದ ಕತೆ ಮೇಡಂಗೆ ಸಿಕ್ಕಿರಲೇ ಇಲ್ಲ. ಟಾಯ್ಲೆಟ್ ಬೇರೆ ಇತ್ತು. ಆದರೂ ನಗು ಬರಲಿಲ್ಲ.

“ನೀನು ಬೇಜಾರು ಮಾಡ್ಕೋಬೇಡ,” ಎಂದಳು ಅಕ್ಕ. “ನೀನು ಹೇಳಿದ್ದು ನಿಮ್ಮ ಸ್ಕೂಲಿನ ರೂಲು. ದೊಡ್ಡ ಕ್ಲಾಸಲ್ಲಿ ಬೇರೆ ಇರತ್ತೆ ಅಂತ ನಂಗೆ ಹೊಳೀಬೇಕಿತ್ತು.”

ಮಾರನೆಯ ದಿನ ಊಟದ ಬೆಲ್ ಹೊಡೆಯಿತು. ಗೆಳತಿಯರು ಬಂದರು.

“ಇವತ್ತು ಏನೂ ಇಲ್ಲ,” ಎಂದಳು ಮೇಡಂ.

“ಹಾಗಾದ್ರೆ ನಾನು ಮಾಡ್ತೀನಿ,” ಎಂದು ಗುಂಗುರು ಕೂದಲಿನ ಗೆಳತಿ ಎದ್ದಳು. ಕತ್ತು ಒಂದಿಷ್ಟು ಓರೆ ಮಾಡಿದಳು. ಎರಡೂ ಕೈಯಲ್ಲಿ ಇಲ್ಲದ ಚೀಲವನ್ನು ಎದೆಗೆ ಒತ್ತಿಕೊಂಡಳು. “ಎಕ್ಸ್‌ಕ್ಯೂಸು ಮಿ, ಟೀಚರು ಒಳಗೆ ಇದ್ದಾರಾ?” ಎಂದಳು, ಸಣ್ಣ ದನಿಯಲ್ಲಿ, ತಪ್ಪು ಮಾಡಿದವರ ಹಾಗೆ.

ಬೆಂಚು ನಕ್ಕಿತು. ಮೇಡಂ ಗೆಳತಿಯ ಕೈಗಳನ್ನೇ ನೋಡಿದಳು. ಅಕ್ಕ ಹಾಗೆ ಚೀಲ ಹಿಡಿಯುವುದಿಲ್ಲ. ಗೆಳತಿ ಅಕ್ಕನನ್ನು ನೋಡಿಯೇ ಇಲ್ಲ.

“ಇದು ಯಾರು?” ಎಂದು ಮೇಡಂ ಕೇಳಿದಳು.

“ನಿಮ್ಮಕ್ಕ,” ಎಂದಳು ಗೆಳತಿ. ಅವಳ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. “ನಿಮ್ಮಮ್ಮ ಮಾತಾಡೋದೂ ಹೀಗೇ ಅಲ್ವಾ? ಗೇಟಿನ ಹತ್ರ ಕೇಳಿದ್ದೆ. ಅದಕ್ಕೇ ನಂಗೆ ಸುಲಭ ಆಯ್ತು.”

ಅಂದು ಮೇಡಂ ಡಬ್ಬಿಯಲ್ಲಿದ್ದ ಊಟವನ್ನು ಹಾಗೇ ಮನೆಗೆ ತಂದಳು.

ಅಮ್ಮ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುವವಳು. ಮುಗಿಯದ ಪ್ಯಾಂಟೊಂದನ್ನು ಮನೆಗೆ ತಂದು, ಅಂಚು ಮಡಿಚಿ ಗುಂಡುಪಿನ್ನು ಚುಚ್ಚುತ್ತಿದ್ದಳು.

“ಅಮ್ಮ, ನೀನು ಇಲ್ಲಿಗೆ ಹೊಸದಾಗಿ ಬಂದಾಗ ನಿಂಗೆ ಯಾರು ಹೇಳಿಕೊಟ್ರು?”

“ಯಾರು ಹೇಳಿಕೊಡ್ತಾರೆ? ನಿಮ್ಮಪ್ಪನಿಗೇ ಏನೂ ಗೊತ್ತಿರಲಿಲ್ಲ.” ಅಮ್ಮ ಬಾಯಲ್ಲಿದ್ದ ಪಿನ್ನು ತೆಗೆದಳು. “ಬೇಕರೀಲಿ ಹೆಸರು ಹೇಳೋಕೆ ಬರ್ತಿರಲಿಲ್ಲ. ಬೆರಳು ತೋರಿಸ್ತಿದ್ದೆ. ಅವರು ಪಕ್ಕದ್ದು ಕೊಟ್ರೂ ತಗೊಂಡು ಬಂದು ಅದನ್ನೇ ತಿಂತಿದ್ವಿ.”

“ಯಾರಾದ್ರೂ ನಗ್ತಿದ್ರಾ?”

“ದೊಡ್ಡವರು ನಕ್ಕಿದ್ದು ಮರೆತುಹೋಗಿದೆ. ಒಂದ್ಸಲ ಒಬ್ಬಳು ಹುಡುಗಿ, ನಾನು ಹೇಳಿದ ಹಾಗೇ ಹೇಳಿ ತೋರಿಸಿ ನಕ್ಕಳು. ಅದು ಮಾತ್ರ ನೆನಪಿದೆ.” ಅಮ್ಮ ಪ್ಯಾಂಟನ್ನು ತಿರುಗಿಸಿ ಇನ್ನೊಂದು ಕಾಲಿಗೆ ಕೈಹಾಕಿದಳು. “ನಿನ್ನಷ್ಟೇ ಇದ್ದಳು.”

ಮೇಡಂ ಅಲ್ಲಿಂದ ಎದ್ದು ಹೋದಳು. ಆ ಸಂಜೆ ಕನ್ನಡಕದ ಅಂಕಲ್ ಬಂದು, ಯೂನಿವರ್ಸಿಟಿಯಲ್ಲಿ ಧೈರ್ಯ ಮುಖ್ಯ ಎಂದು ಎರಡು ಕಪ್ ಟೀ ಮುಗಿಯುವವರೆಗೆ ವಿವರಿಸಿದರು. ಅಕ್ಕ ಹೂಂಗುಟ್ಟಿದಳು. ಮೇಡಂ ರೂಮಿನಿಂದ ಹೊರಗೆ ಬರಲಿಲ್ಲ.

ಬೆಳಿಗ್ಗೆ ಅಕ್ಕ ಬಗ್ಗಿ ಶೂ ಲೇಸು ಕಟ್ಟುತ್ತಿದ್ದಳು.

“ಅಕ್ಕ, ಕ್ಲಾಸಲ್ಲಿ ಯಾರೂ ಎದ್ದು ನಿಲ್ಲಲ್ಲ. ನಮ್ಮ ಸ್ಕೂಲಲ್ಲೂ ನಿಲ್ಲಲ್ಲ.”

ಅಕ್ಕ ತಲೆ ಎತ್ತಿದಳು. “ಗೊತ್ತಿದ್ದೂ ಹೇಳಿದ್ಯಾ?”

“ಹೂಂ.”

“ಯಾಕೆ?”

“ಸ್ಕೂಲಲ್ಲಿ ಹೇಳೋಕೆ. ಎಲ್ಲರೂ ನಗ್ತಾರೆ ಅಂತ.”

ಅಕ್ಕನ ಮುಖ ಕೆಂಪಾಯಿತು. ಇಷ್ಟು ದಿನದಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ಮೇಡಂ ನೋಡಿರಲಿಲ್ಲ. ಅವಳಿಗೂ ಸಿಟ್ಟು ಬರುತ್ತದೆಂದು ಅಂದುಕೊಂಡೂ ಇರಲಿಲ್ಲ.

“ಆ ಮೆಟ್ಟಿಲ ಮೇಲೆ ಕೂತು, ವಾಪಸ್ ಊರಿಗೆ ಹೋಗ್ಬಿಡೋಣ ಅಂದ್ಕೊಂಡಿದ್ದೆ ನಾನು,” ಎಂದಳು ಅಕ್ಕ. “ಅಮ್ಮಂಗೆ ಫೋನ್ ಮಾಡೋಕೂ ಹೊರಟಿದ್ದೆ.”

ಅವಳು ಇನ್ನೊಂದು ಲೇಸನ್ನು ಜೋರಾಗಿ ಎಳೆದು ಗಂಟು ಹಾಕಿದಳು. ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಇವತ್ತೂ ಅದೇ ಕ್ಲಾಸು. ಅದೇ ಜನ. ಒಳಗೆ ಹೋಗಿ ಏನು ಮಾಡಲಿ ಈಗ? ನೀನೇ ಹೇಳು.”

ಮೇಡಂ ಬಾಯಿ ತೆರೆದಳು. ಮುಂದಿನ ಸಾಲಲ್ಲಿ ಕೂತ್ಕೋ. ನಗ್ತಾ ಮಾತಾಡು. ಹೆದರಬೇಡ. ಎಲ್ಲವೂ ನಾಲಿಗೆಯ ತುದಿಗೆ ಬಂದವು. ಒಂದೊಂದೂ ಕನ್ನಡಕದ ಅಂಕಲ್ ದನಿಯಲ್ಲೇ ಕೇಳಿಸಿತು. ಅವಳು ಯಾವತ್ತೂ ಅಂಥ ಕ್ಲಾಸಿನ ಬಾಗಿಲು ದಾಟಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವ ಕೋಣೆಗೆ ಮತ್ತೆ ಹೋಗುವುದು ಹೇಗೆಂದು ಅವಳಿಗೆ ಹೇಗೆ ತಿಳಿಯಬೇಕು?

“ನಂಗೆ ಗೊತ್ತಿಲ್ಲ ಅಕ್ಕ.”

ಅಕ್ಕ ಅವಳನ್ನೇ ದಿಟ್ಟಿಸಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ನಾನು ಬಂದಾಗಿನಿಂದ ಈ ಮನೇಲಿ ಗೊತ್ತಿಲ್ಲ ಅಂದವಳು ನೀನೊಬ್ಬಳೇ,” ಎಂದಳು.

ಬಾಗಿಲು ತೆರೆದು ಅವಳು ಹೊರಟಳು. ಮೇಡಂ ಸ್ಕೂಲ್ ಬ್ಯಾಗು ಎತ್ತಿಕೊಂಡು ಹಿಂದೆಯೇ ಹೋದಳು. ಇಬ್ಬರೂ ಮೆಟ್ಟಿಲಿಳಿದು ಕೆಳಗಿನ ಮಹಡಿಗೆ ಬಂದರು. ಅಲ್ಲಿ ಅಕ್ಕ ನಿಂತು, ಯಾರಿಗೂ ಅಲ್ಲದ ಹಾಗೆ ಎಲೆ ಚುಕ್ಕೆಯ ಆ ರೋಗದ ಹೆಸರನ್ನು ಇಲ್ಲಿಯ ಭಾಷೆಯಲ್ಲಿ ಒಮ್ಮೆ ಹೇಳಿ ನೋಡಿದಳು. ಪದದ ಕೊನೆಗೆ ಉಕಾರ ಬಂತು.

ಮೇಡಂ ಕೇಳಿಸಿಕೊಂಡಳು. ತಿದ್ದಲಿಲ್ಲ.